ಟ್ರೈಲರಿನ ಕಡಾಣಿ: ಮಾವಿನ ಕೊಯ್ಲಿಗೆ ಮುಂಚೆ ಗಾಲಿ ಬಿಚ್ಚಿ ನೋಡಿರಿ

ಎತ್ತಿನ ಬಂಡಿಯ ಕಾಲದಲ್ಲಿ ನಮ್ಮ ಹಿರಿಯರು ಸಂತೆಗೆ ಹೊರಡುವ ಮುನ್ನ ಎರಡು ಕೆಲಸಗಳನ್ನು ಮರೆಯುತ್ತಿರಲಿಲ್ಲ. ಅಚ್ಚಿಗೆ ಕೀಲೆಣ್ಣೆ ಹಾಕುವುದು ಒಂದು. ಅಚ್ಚಿನ ತುದಿಯಲ್ಲಿ ಕಡಾಣಿ ಸರಿಯಾಗಿ ಕೂತಿದೆಯೇ ಎಂದು ಕೈಯಿಂದ ಮುಟ್ಟಿ ನೋಡುವುದು ಇನ್ನೊಂದು. ಬೆರಳುದ್ದದ ಆ ಕಬ್ಬಿಣದ ತುಂಡು ಬಿದ್ದರೆ ಗಾಲಿಯೇ ಕಳಚುವುದೆಂಬುದು ಮನೆಯ ಮಗುವಿಗೂ ತಿಳಿದಿತ್ತು. ಈಗ ಹೊಸೂರು, ತಳಿ, ಡೆಂಕಣಿಕೋಟೆ, ಬಾಗಲೂರು, ಶೂಲಗಿರಿ ಕಡೆಯ ಹಳ್ಳಿಗಳಲ್ಲಿ ಬಂಡಿಯ ಕೆಲಸವನ್ನೆಲ್ಲ ಟ್ರ್ಯಾಕ್ಟರಿನ ಟ್ರೈಲರೇ ಮಾಡುತ್ತಿದೆ. ಟ್ರೈಲರಿಗೂ ಕಡಾಣಿ ಉಂಟು. ಆದರೆ ಅದು ತಗಡಿನ ಮುಚ್ಚಳದೊಳಗೆ ಅಡಗಿರುವುದರಿಂದ ಯಾರೂ ಮುಟ್ಟಿ ನೋಡುವುದಿಲ್ಲ.

ನಾವೂ ನೋಡದವರೇ. ಮೂರು ವರ್ಷದ ಹಿಂದೆ ಕೊಯ್ಲಿನ ಕಾಲದಲ್ಲಿ ನಮ್ಮ ತೋಟದ ಬೆಂಗಳೂರ ಮಾವನ್ನು (ಹೊರಗಿನವರು ತೋತಾಪುರಿ ಎನ್ನುವುದು ಇದನ್ನೇ) ಕೃಷ್ಣಗಿರಿ ಕಡೆಯ ರಸದ ಕಾರ್ಖಾನೆಗೆ ಸಾಗಿಸುತ್ತಿದ್ದೆವು. ಅದರ ಹಿಂದಿನ ವಾರ ಗ್ರೀಸು ತುಂಬಲೆಂದು ಎಡಗಾಲಿಯನ್ನು ಬಿಚ್ಚಿದಾಗ ಹಳೆಯ ಸ್ಪ್ಲಿಟ್ ಪಿನ್ನಿನ ಒಂದು ಕಾಲು ಮುರಿದಿತ್ತು. ಅಂಗಡಿಗೆ ಹೋಗಲು ಸೋಮಾರಿತನಪಟ್ಟು ಒಂದು ಮೊಳೆಯನ್ನು ತೂರಿಸಿ ಬಗ್ಗಿಸಿಬಿಟ್ಟೆವು. ಇಳಿಜಾರಿನಲ್ಲಿ ಆ ಗಾಲಿಯೇ ಕಳಚಿತು. ಕಾಯಿ ಹೋದದ್ದು ಹೋಗಲಿ. ಲೋಡಿನ ಮೇಲೆ ಕುಳಿತಿದ್ದ ಆಳು ಕೆಳಗೆ ಬಿದ್ದು ಕೊರಳ ಎಲುಬು ಮುರಿದುಕೊಂಡು ಎರಡು ತಿಂಗಳು ಕೆಲಸವಿಲ್ಲದೆ ಮನೆಯಲ್ಲಿ ಕೂತನು. ಲೋಡಿನ ಮೇಲೆ ಆಳನ್ನು ಕೂರಿಸಿದ್ದೇ ಒಂದು ತಪ್ಪು, ಮೊಳೆ ಹಾಕಿದ್ದು ಎರಡನೆಯದು. ಮಕ್ಕಳಿಗೆ ದಿನವೂ ಪಾಠ ಹೇಳುವ ನಾವು ಆ ಮೇಲೆ ಕುಳಿತು ಈ ಅಚ್ಚಿನ ಪಾಠವನ್ನು ಕಲಿತೆವು. ಯುಗಾದಿ ಕಳೆದು ಕೊಯ್ಲು ಆರಂಭವಾಗುವುದರೊಳಗೆ ನಮ್ಮ ರೈತರು ಒಂದು ದಿನ ಬಿಡುವು ಮಾಡಿಕೊಂಡು ಇದನ್ನು ಮಾಡಿಕೊಳ್ಳಲೆಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಒಳಗಿನ ರಚನೆ ತಿಳಿಯಬೇಕು. ಟ್ರೈಲರಿನ ಅಚ್ಚು ತಿರುಗುವುದಿಲ್ಲ. ಗಾಲಿ ಕೂರುವ ಹಬ್ ಮಾತ್ರ ತಿರುಗುತ್ತದೆ. ಬಂಡಿಗಾಲಿಯ ಗುಂಬ ಇದ್ದಂತೆಯೇ ಇದು. ಹಬ್ಬಿನೊಳಗೆ ಎರಡು ಬೇರಿಂಗುಗಳು, ಒಳಗಡೆ ದೊಡ್ಡದು, ಹೊರಗಡೆ ಚಿಕ್ಕದು. ಇವುಗಳ ಉರುಳೆಗಳು ನೇರವಾಗಿರದೆ ಒಂದು ಕಡೆಗೆ ಸಣ್ಣಗಾಗಿರುತ್ತವೆ. ತಿರುವಿನಲ್ಲಿ ಭಾರವು ಕೆಳಕ್ಕೆ ಮಾತ್ರವಲ್ಲದೆ ಪಕ್ಕಕ್ಕೂ ತಳ್ಳುವುದರಿಂದ ಈ ಆಕಾರ. ಅಮೆರಿಕದಲ್ಲಿ ಇದಕ್ಕೆ 1898ರಲ್ಲಿ ಹಕ್ಕುಪತ್ರ ಪಡೆದ ಹೆನ್ರಿ ಟಿಂಕನ್ ಎಂಬವನು ಕುದುರೆಗಾಡಿಗಳನ್ನು ತಯಾರಿಸುವ ಕಸಬಿನವನೆಂಬುದನ್ನು ನಮ್ಮ ಬಡಗಿಗಳು ಕೇಳಿದರೆ ಸಂತೋಷಪಟ್ಟಾರು. ಹೊರಗಿನ ಬೇರಿಂಗಿನ ಮೇಲೆ ನಾಲಿಗೆಯುಳ್ಳ ಒಂದು ವಾಷರು, ಅದರ ಮೇಲೆ ಕಿರೀಟದಂತೆ ಹಲ್ಲುಗಳಿರುವ ನಟ್ಟು, ಆ ಹಲ್ಲುಗಳ ನಡುವೆ ಅಚ್ಚಿನ ತೂತಿನಲ್ಲಿ ಹಾಯುವ ಸ್ಪ್ಲಿಟ್ ಪಿನ್ನು. ಇದೇ ನಮ್ಮ ಕಡಾಣಿ. ತಮಿಳಿನವರು ಅಚ್ಚಾಣಿ ಎನ್ನುತ್ತಾರೆ. ಹಬ್ಬಿನ ಒಳಬದಿಯಲ್ಲಿ ಗ್ರೀಸು ಹೊರಬಾರದಂತೆ, ಮಣ್ಣು ನೀರು ಒಳಹೋಗದಂತೆ ತಡೆಯುವ ರಬ್ಬರಿನ ಆಯಿಲ್ ಸೀಲು.

ಇಷ್ಟರಲ್ಲಿ ಬೆಲೆಯುಳ್ಳ ವಸ್ತು ಅಚ್ಚು, ಹಬ್ ಮತ್ತು ಬೇರಿಂಗು. ಆದರೆ ಮೊದಲು ಕೆಡುವುವು ಸೀಲು, ವಾಷರು, ಪಿನ್ನು. ಪಿನ್ನಿನ ಬೆಲೆ ಒಂದು ಲೋಟ ಕಾಫಿಗಿಂತ ಕಡಿಮೆ. ಆದುದರಿಂದಲೇ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನಮ್ಮ ಎಡಗಾಲಿಯೇ ಏಕೆ ಕಳಚಿತು? ಟ್ರೈಲರಿನ ಎಡಗಡೆ ನಿಂತು ನೋಡಿರಿ. ಅದು ಮುಂದಕ್ಕೆ ಹೋಗುವಾಗ ಗಾಲಿಯು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಸಾಮಾನ್ಯವಾದ ನಟ್ಟು ಬಿಚ್ಚಿಕೊಳ್ಳುವುದೂ ಅದೇ ದಿಕ್ಕಿಗೆ. ಬೇರಿಂಗು ಬಿಗಿದುಕೊಂಡು ನಟ್ಟನ್ನು ತನ್ನೊಡನೆ ಎಳೆದರೆ ಎಡಗಡೆ ಅದು ಸಡಿಲವಾಗುತ್ತದೆ, ಬಲಗಡೆ ಇನ್ನೂ ಬಿಗಿಯಾಗಿ ಬೇರಿಂಗನ್ನು ಸುಡುತ್ತದೆ. ವಾಷರಿನ ನಾಲಿಗೆ ಅಚ್ಚಿನ ಗಾಡಿಯಲ್ಲಿ ಕೂತು ಈ ಎಳೆತವನ್ನು ನಟ್ಟಿಗೆ ಮುಟ್ಟದಂತೆ ತಡೆಯುತ್ತದೆ. ನಾಲಿಗೆ ಸವೆದ ವಾಷರಿಗೆ ಬದಲಾಗಿ ಬರಿಯ ದುಂಡು ವಾಷರನ್ನು ಹಾಕುವ ಪದ್ಧತಿ ನಮ್ಮಲ್ಲಿ ಬಹಳ ಇದೆ. ಹಾಗೆ ಮಾಡಿದರೆ ಎಲ್ಲ ಹೊರೆಯೂ ಆ ಪಿನ್ನಿನ ಮೇಲೆಯೇ ಬೀಳುತ್ತದೆ. ಒಮ್ಮೆ ಬಗ್ಗಿಸಿ ನೆಟ್ಟಗೆ ಮಾಡಿದ ತಂತಿ ಎರಡನೆಯ ಸಲ ಬಗ್ಗಿಸುವಾಗ ಬಿರುಕು ಬಿಡುವುದನ್ನು ನಾವೆಲ್ಲ ಕಂಡಿದ್ದೇವೆ. ಆದುದರಿಂದ ತೆಗೆದ ಪಿನ್ನನ್ನು ಮತ್ತೆ ಹಾಕಕೂಡದು. ಮೊಳೆ, ಬೇಲಿಯ ತಂತಿ, ಸೈಕಲ್ ಕಡ್ಡಿ ಇವುಗಳ ಮಾತೇ ಬೇಡ.

ಸೀಲಿಗೆ ಶತ್ರು ನಮ್ಮ ಕೆರೆ. ರಾಯಕೋಟೆಗೆ ಟೊಮೇಟೊ ಇಳಿಸಿ ಬಂದವರು ಟ್ರೈಲರನ್ನು ಹಾಗೆಯೇ ನೀರಿಗೆ ಇಳಿಸಿ ತೊಳೆಯುತ್ತಾರೆ. ದೂರ ಓಡಿದ ಹಬ್ ಬಿಸಿಯಾಗಿ ಅದರೊಳಗಿನ ಗಾಳಿ ಹಿಗ್ಗಿರುತ್ತದೆ; ತಣ್ಣೀರು ತಗಲಿದೊಡನೆ ಗಾಳಿ ಕುಗ್ಗಿ ಸೀಲಿನ ತುಟಿಯ ಬಳಿಯಿಂದ ನೀರನ್ನು ಒಳಕ್ಕೆ ಹೀರುತ್ತದೆ. ನೀರು ಸೇರಿದ ಗ್ರೀಸು ಹಾಲಿನಂತೆ ಬೆಳ್ಳಗಾಗುತ್ತದೆ, ಬೇರಿಂಗು ತುಕ್ಕು ಹಿಡಿಯುತ್ತದೆ. ತೊಳೆಯುವುದಾದರೆ ಹಬ್ ತಣ್ಣಗಾದ ಮೇಲೆ, ದಡದಲ್ಲಿ ನಿಲ್ಲಿಸಿ ತೊಳೆಯಿರಿ. ಗಾಲಿಯ ಒಳಬದಿಯಲ್ಲಿ ಟಯರಿನ ಮೇಲೆ ಜಿಡ್ಡು ಕಂಡರೆ ಸೀಲು ಹೋಗಿದೆಯೆಂದು ತಿಳಿಯಬೇಕು.

ಇನ್ನು ಕೆಲಸದ ಕ್ರಮ. ಟ್ರೈಲರು ಖಾಲಿ ಇರಬೇಕು, ನೆಲ ಸಮವಾಗಿರಬೇಕು. ಎರಡು ಗಾಲಿಯದಾದರೆ ಟ್ರ್ಯಾಕ್ಟರಿಗೆ ಕಟ್ಟಿದಂತೆಯೇ ಇಟ್ಟು, ಬ್ರೇಕು ಹಾಕಿ, ಆಚೆಯ ಗಾಲಿಗೆ ಮುಂದೆ ಹಿಂದೆ ಕಲ್ಲು ಕೊಡಿ. ಜಾಕಿಯನ್ನು ಅಚ್ಚಿನ ಕೆಳಗೆ ಕೊಟ್ಟು ಎತ್ತಿದ ಮೇಲೆ ಗಟ್ಟಿಮರದ ದಿಮ್ಮಿಯೊಂದನ್ನು ಒತ್ತಾಗಿ ಇಡದೆ ಕೈ ಹಾಕಕೂಡದು. ಗಾಲಿಯ ಮೇಲಂಚು ಕೆಳಅಂಚು ಹಿಡಿದು ಅಲ್ಲಾಡಿಸಿ. ಕೈಯಿಂದ ತಿರುಗಿಸಿ ಕಿವಿಗೊಡಿ. ಕರಕರ ಸದ್ದು ಬಂದರೆ ಬೇರಿಂಗು ಕೆಟ್ಟಿದೆ. ಬಳಿಕ ಗಾಲಿ ಕಳಚಿ, ಮುಚ್ಚಳ, ಪಿನ್ನು, ನಟ್ಟು, ವಾಷರು, ಚಿಕ್ಕ ಬೇರಿಂಗು, ಹಬ್ ಎಂಬ ಕ್ರಮದಲ್ಲಿ ತೆಗೆದು ಅದೇ ಕ್ರಮದಲ್ಲಿ ಹಾಸಿದ ಗೋಣಿಯ ಮೇಲೆ ಜೋಡಿಸಿ. ಎಡದ್ದು ಬಲದ್ದು ಬೆರೆಯಬಾರದು.

ಸೀಮೆಎಣ್ಣೆಯಲ್ಲಾಗಲಿ ಡೀಸೆಲಿನಲ್ಲಾಗಲಿ ತೊಳೆದು ಒಣಗಿಸಿ ಬೆಳಕಿಗೆ ಹಿಡಿಯಿರಿ. ಉರುಳೆಯ ಮೇಲೆ ಗುಳಿ, ನೀಲಿ ಬಣ್ಣ, ತುಕ್ಕಿನ ಚುಕ್ಕೆ ಇದ್ದರೆ ಅದು ಹೋಯಿತು. ಆಗ ಉರುಳೆಯ ಭಾಗವನ್ನೂ ಹಬ್ಬಿನೊಳಗೆ ಕೂತಿರುವ ಬಟ್ಟಲನ್ನೂ ಜೊತೆಯಾಗಿಯೇ ಬದಲಿಸತಕ್ಕದ್ದು. ಬೇರಿಂಗಿನ ಮೇಲೆ ಕೊರೆದ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅಂಗಡಿಯಲ್ಲಿ ಯಾವ ಭಾಷೆಯೂ ಬೇಕಾಗಿಲ್ಲ. 30207 ಎಂದಿದ್ದರೆ ಕೊನೆಯ 07ನ್ನು 5ರಿಂದ ಗುಣಿಸಿ. ಒಳತೂತು 35 ಮಿಲಿಮೀಟರು. ನಮ್ಮ ಏಳನೆಯ ತರಗತಿಯ ಮಕ್ಕಳಿಗೆ ಈ ಲೆಕ್ಕ ಬಹಳ ರುಚಿಸಿತು. ಸೀಲಿನ ಮೇಲೆ ಒಳಸುತ್ತು, ಹೊರಸುತ್ತು, ದಪ್ಪ ಎಂದು ಮೂರು ಅಳತೆಗಳಿರುತ್ತವೆ. ಅಳಿಸಿಹೋಗಿದ್ದರೆ ಹಳೆಯ ಸೀಲನ್ನೇ ಕೊಂಡೊಯ್ಯಿರಿ. ಸೀಲು ಉಜ್ಜುವ ಜಾಗದಲ್ಲಿ ಅಚ್ಚಿನ ಮೇಲೆ ಉಗುರಿಗೆ ತಗಲುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲೂ ಬಹಳ ದಿನ ಬಾಳದು. ಲೇತಿನವನಿಗೆ ತೋರಿಸುವುದು ಲೇಸು.

ಗ್ರೀಸನ್ನು ಅಂಗೈಯಲ್ಲಿಟ್ಟು ಬೇರಿಂಗಿನ ಅಗಲವಾದ ಬದಿಯನ್ನು ಅದಕ್ಕೆ ಒತ್ತುತ್ತ ಉರುಳೆಗಳ ನಡುವೆ ತುಂಬಿರಿ. ಹಬ್ಬಿನ ಹೊಟ್ಟೆಯನ್ನು ಪೂರ್ತಿ ತುಂಬಕೂಡದು, ಮೂರನೆಯ ಒಂದು ಪಾಲು ಸಾಕು. ಹೆಚ್ಚಾದರೆ ಕಡೆದು ಬಿಸಿಯಾಗುತ್ತದೆ. ಎರಡು ಬಗೆಯ ಗ್ರೀಸನ್ನು ಬೆರೆಸಬಾರದು. ಒಂದು ಸ್ವಾರಸ್ಯ: ನಮ್ಮ ಅಜ್ಜಂದಿರು ಬಂಡಿಯ ಅಚ್ಚಿಗೆ ಹಾಕುತ್ತಿದ್ದುದು ಹರಳೆಣ್ಣೆ, ಇಂದು ಗಾಲಿಗೆ ಹಾಕುವ ಲಿಥಿಯಂ ಗ್ರೀಸಿನ ಸಾಬೂನು ಭಾಗವೂ ಹೆಚ್ಚಾಗಿ ಹರಳೆಣ್ಣೆಯಿಂದಲೇ ತಯಾರಾಗುತ್ತದೆ.

ಹೊಸ ಸೀಲನ್ನು ಸ್ಪ್ರಿಂಗ್ ಇರುವ ಮುಖ ಬೇರಿಂಗಿನ ಕಡೆಗೆ ಬರುವಂತೆ ಇಟ್ಟು, ತುಟಿಗೆ ಸ್ವಲ್ಪ ಗ್ರೀಸು ಸವರಿ, ಮೇಲೆ ಮರದ ತುಂಡಿಟ್ಟು ಸುತ್ತಲೂ ಸಮವಾಗಿ ತಟ್ಟಿರಿ. ಸುತ್ತಿಗೆಯಿಂದ ನೇರವಾಗಿ ಹೊಡೆದರೆ ಓರೆಯಾಗಿ ಕೂರುತ್ತದೆ. ಹಬ್ ಏರಿಸಿದ ಮೇಲೆ ಅದನ್ನು ಒಂದು ಕೈಯಿಂದ ತಿರುಗಿಸುತ್ತಲೇ ನಟ್ಟನ್ನು ಬಿಗಿಯಿರಿ. ತಿರುಗುವುದು ಭಾರವೆನಿಸಿದಾಗ ನಿಲ್ಲಿಸಿ, ಪಿನ್ನಿನ ತೂತು ಸಿಕ್ಕುವವರೆಗೆ ಹಿಂದಕ್ಕೆ ಸಡಿಲಿಸಿ. ತೂತು ಹೊಂದಿಸಲೆಂದು ಮುಂದಕ್ಕೆ ಬಿಗಿಯುವುದು ಎಲ್ಲರೂ ಮಾಡುವ ತಪ್ಪು. ಹಬ್ ಸರಾಗವಾಗಿ ತಿರುಗಬೇಕು, ಅಲ್ಲಾಡಿಸಿದರೆ ಇದೆಯೋ ಇಲ್ಲವೋ ಎಂಬಷ್ಟೇ ಆಟವಿರಬೇಕು. ತೂತನ್ನು ತುಂಬುವ ದಪ್ಪದ ಹೊಸ ಪಿನ್ನು ಹಾಕಿ, ಒಂದು ಕಾಲನ್ನು ಅಚ್ಚಿನ ತುದಿಯ ಮೇಲೆ, ಇನ್ನೊಂದನ್ನು ನಟ್ಟಿನ ಬದಿಗೆ ಮಡಿಸಿರಿ. ಮುಚ್ಚಳ ಕಳೆದಿದ್ದರೆ ಹೊಸದನ್ನೇ ತನ್ನಿರಿ. ಬಟ್ಟೆ ಕಟ್ಟಿದರೆ ದೂಳು ಒಳಗೇ ಕೂರುತ್ತದೆ.

ಮೊದಲ ಲೋಡಿಗೆ ಹೊರಟಾಗ ಐದಾರು ಕಿಲೋಮೀಟರು ಹೋಗಿ ನಿಲ್ಲಿಸಿ ಎರಡೂ ಹಬ್ಬುಗಳ ಮೇಲೆ ಅಂಗೈ ಇಡಿ. ಉಗುರುಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಟ್ಟರೆ ನಟ್ಟು ಬಿಗಿ ಹೆಚ್ಚಾಗಿದೆ; ಮುಂದೆ ಹೋಗದೆ ತಣಿಯಲು ಬಿಟ್ಟು, ಲೋಡು ಇಳಿಸಿ ಮತ್ತೆ ಹೊಂದಿಸಬೇಕು. ಗಾಲಿಯ ನಟ್ಟುಗಳನ್ನು ಎದುರುಬದುರಾಗಿ ಇನ್ನೊಮ್ಮೆ ಬಿಗಿದು, ನಾಲ್ಕು ಲೋಡಾದ ಮೇಲೆ ಮುಚ್ಚಳ ತೆಗೆದು ಪಿನ್ನನ್ನು ನೋಡಿರಿ.