ಸಣ್ಣ ಕಚೇರಿಗೆ ಬ್ರಾಡ್‌ಬ್ಯಾಂಡ್: ವೇಗಕ್ಕಿಂತ ನಿರಂತರತೆ ಮುಖ್ಯ

ಸರಕು ಲಾರಿಗೇರಿದ ಹೊತ್ತಿನಲ್ಲಿ ಕಚೇರಿಯ ಅಂತರ್ಜಾಲ ಸಂಪರ್ಕ ಕಡಿದರೆ ರವಾನೆ ಸ್ಥಗಿತಗೊಳ್ಳುವ ಸಂಭವವಿದೆ. ಸಾಮಾನ್ಯವಾಗಿ 50,000 ರೂ. ಮೀರಿದ ಸರಕಿನ ಸಾಗಣೆಗೆ 2018ರಿಂದ ಇ-ವೇ ಬಿಲ್ ಅಗತ್ಯ. ವಾರ್ಷಿಕ ವಹಿವಾಟು 5 ಕೋಟಿ ರೂ. ಮೀರಿದ ವರ್ತಕರು, ಕೆಲವು ವಿನಾಯಿತಿಗಳನ್ನು ಹೊರತುಪಡಿಸಿ, ಇತರ ನೋಂದಾಯಿತ ವರ್ತಕರಿಗೆ ನೀಡುವ ಬಿಲ್ಲುಗಳಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯ. ಆದುದರಿಂದ ಸಂಪರ್ಕ ಪಡೆಯುವಾಗ ವೇಗವೊಂದನ್ನೇ ನೋಡದೆ ಅದರ ನಿರಂತರತೆಯನ್ನೂ ಪರಿಶೀಲಿಸತಕ್ಕದ್ದು.

1. ವೇಗದ ಲೆಕ್ಕ: 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಮೆಗಾಬಿಟ್. ಎಂಟು ಬಿಟ್‌ಗಳಿಗೆ ಒಂದು ಬೈಟ್ ಆದ್ದರಿಂದ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್ ಮಾಹಿತಿ ಬರುತ್ತದೆ. ಐದಾರು ಕಂಪ್ಯೂಟರುಗಳಲ್ಲಿ ನಡೆಯುವ ಬಿಲ್ಲು, ಇ-ಮೇಲ್, ಬ್ಯಾಂಕ್ ವ್ಯವಹಾರಗಳಿಗೆ ಇದು ಧಾರಾಳವಾಗಿ ಸಾಕು. ಲೆಕ್ಕಪತ್ರದ ಪ್ರತಿಯನ್ನು ಪ್ರತಿದಿನ ಹೊರಗಿನ ಸರ್ವರ್‌ಗೆ ಕಳುಹಿಸುವವರು ಅಪ್‌ಲೋಡ್ ವೇಗವನ್ನೂ ವಿಚಾರಿಸಬೇಕು.

2. ಜೋಡಣೆ: ಹೊರಗಿನಿಂದ ಬರುವ ಫೈಬರ್ ಎಳೆಯು ಓಎನ್‌ಟಿ ಎಂಬ ಪೆಟ್ಟಿಗೆಯಲ್ಲಿ ಕೊನೆಗೊಳ್ಳುತ್ತದೆ. ಅಲ್ಲಿಂದ ರೂಟರ್, ಸ್ವಿಚ್, ಕಂಪ್ಯೂಟರ್ ಎಂಬುದು ಕ್ರಮ. ಸ್ವಿಚ್ ಹಳೆಯದಾಗಿದ್ದು 100 ಎಂಬಿಪಿಎಸ್ ಸಾಮರ್ಥ್ಯದ್ದಾದರೆ, 200 ಎಂಬಿಪಿಎಸ್ ಯೋಜನೆಗೆ ಹಣ ತೆತ್ತೂ ಪ್ರಯೋಜನವಿಲ್ಲ. ಲೆಕ್ಕಪತ್ರದ ಕಂಪ್ಯೂಟರುಗಳಿಗೆ ಕ್ಯಾಟ್-6 ಕೇಬಲ್ ಎಳೆಸುವುದು ಲೇಸು. ಒಂದು ಎಳೆತದ ಉದ್ದ 100 ಮೀಟರ್ ಮೀರಬಾರದು. ವೈ-ಫೈ ಮೊಬೈಲುಗಳಿಗಿರಲಿ. ಸಂದರ್ಶಕರಿಗೆ ಪ್ರತ್ಯೇಕ ಗೆಸ್ಟ್ ಜಾಲವನ್ನು ಒದಗಿಸಿ, ರೂಟರ್‌ನೊಡನೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು.

3. ವಿದ್ಯುತ್: ಕಂಪ್ಯೂಟರಿಗೆ ಮಾತ್ರ ಯುಪಿಎಸ್ ಇದ್ದರೆ ಸಾಲದು. ಓಎನ್‌ಟಿ, ರೂಟರ್, ಸ್ವಿಚ್ ಮೂರಕ್ಕೂ ಅದರ ಆಸರೆ ಬೇಕು. ಇವುಗಳಲ್ಲಿ ಒಂದು ಆರಿದರೂ ಸಂಪರ್ಕ ಕಡಿಯುತ್ತದೆ.

4. ಎರಡನೆಯ ಸಂಪರ್ಕ: ಎರಡು ಕಂಪನಿಗಳ ಫೈಬರ್ ಪಡೆದರೂ ಅವು ಒಂದೇ ಕಂಬದ ಮೇಲೆ ಹಾದುಬಂದಿದ್ದರೆ ಒಟ್ಟಿಗೇ ತುಂಡಾಗಬಹುದು. ಆದ್ದರಿಂದ ಎರಡನೆಯದು 4ಜಿ ಅಥವಾ 5ಜಿ ಮೊಬೈಲ್ ಜಾಲದ್ದಾಗಿರುವುದು ಉತ್ತಮ. ಎರಡೂ ಸಂಪರ್ಕಗಳನ್ನು ಸ್ವೀಕರಿಸುವ ರೂಟರ್, ಒಂದು ನಿಂತೊಡನೆ ತಾನಾಗಿಯೇ ಇನ್ನೊಂದಕ್ಕೆ ಬದಲಾಯಿಸುತ್ತದೆ. ತಿಂಗಳಿಗೊಮ್ಮೆ ಮುಖ್ಯ ಕೇಬಲ್ ಕಳಚಿ ಇದನ್ನು ಪರೀಕ್ಷಿಸತಕ್ಕದ್ದು.

5. ಬಿಲ್ಲಿನ ಹೆಸರು: ಸಂಪರ್ಕವನ್ನು ಮಾಲೀಕರ ಸ್ವಂತ ಹೆಸರಿನಲ್ಲಿ ಪಡೆಯುವ ರೂಢಿ ಹಲವೆಡೆ ಇದೆ. ಬಿಲ್ಲಿನಲ್ಲಿ ಸಂಸ್ಥೆಯ ಹೆಸರು ಹಾಗೂ ಜಿಎಸ್‌ಟಿ ಸಂಖ್ಯೆ ಇಲ್ಲದಿದ್ದರೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಕೈತಪ್ಪುತ್ತದೆ. ತಿಂಗಳ ಶುಲ್ಕ 1,000 ರೂ. ಆದರೆ ಶೇ. 18ರಂತೆ ತೆರಿಗೆ 180 ರೂ.; ವರ್ಷಕ್ಕೆ 2,160 ರೂ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ.

ಎರಡನೆಯ ಸಂಪರ್ಕವು ದುಂದುವೆಚ್ಚವೆಂದು ತೋರಬಹುದು. ಅದರ ಮಾಸಿಕ ಶುಲ್ಕವನ್ನು ಒಂದು ದಿನ ರವಾನೆ ನಿಂತರೆ ಆಗುವ ನಷ್ಟದೊಡನೆ ಹೋಲಿಸಿ ನೋಡಿದರೆ ಅದರ ಅಗತ್ಯ ಮನವರಿಕೆಯಾಗುತ್ತದೆ. ಜಿಎಸ್‌ಟಿಆರ್-3ಬಿ ವಿವರಣೆಯನ್ನು ಕೊನೆಯ ದಿನದವರೆಗೆ ಉಳಿಸಿಕೊಳ್ಳದಿರುವುದು ಮಾತ್ರ ಯಾವ ವೆಚ್ಚವೂ ಇಲ್ಲದ ಮುನ್ನೆಚ್ಚರಿಕೆ.