ಹಳೇ ಕಂಪ್ಯೂಟರಿಗೆ ಹೊಸ ವಿಂಡೋಸ್: ಮಾಡಬೇಕಾದ್ದು, ಮಾಡಬಾರದ್ದು

ದೊಡ್ಡಗಾಜನೂರು ಹಾಗೂ ತಾಳವಾಡಿ ಸುತ್ತಿನ ಊರುಗಳಲ್ಲಿ ಹಳೇ ಕಂಪ್ಯೂಟರ್, ಲ್ಯಾಪ್‌ಟಾಪ್ ಇಟ್ಟುಕೊಂಡಿರುವ ಮನೆಯವರ ಗಮನಕ್ಕೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 7ರದ್ದು 2020ರ ಜನವರಿ 14ಕ್ಕೇ ನಿಂತಿತ್ತು. ಎಕ್ಸ್‌ಪಿಯ ಕಥೆ ಮುಗಿದದ್ದು 2014ರ ಏಪ್ರಿಲ್ 8ಕ್ಕೆ. ಅಪ್‌ಡೇಟ್ ನಿಂತಿತೆಂದು ಮೆಷಿನ್ ನಿಲ್ಲುವುದಿಲ್ಲ, ಎಂದಿನಂತೆ ಆನ್ ಆಗುತ್ತದೆ. ಅದಕ್ಕೇ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆಮೇಲೊಂದು ದಿನ ಪರದೆಯ ಮೇಲೆ ಎಚ್ಚರಿಕೆ ಕಂಡು ಗಾಬರಿಯಾಗಿ, ಗೊತ್ತಿರುವ ಹುಡುಗನ ಕೈಗೆ ಕೊಟ್ಟು “ಫಾರ್ಮ್ಯಾಟ್ ಹೊಡ್ದು ಹೊಸದು ಹಾಕ್ಬುಡಪ್ಪ” ಅನ್ನುತ್ತಾರೆ. ಅವನು ಹೇಳಿದಂತೆ ಮಾಡುತ್ತಾನೆ. ಸಂಜೆಗೆ “ಅಣ್ಣೋ, ಇದ್ದುದೆಲ್ಲ ಒಂಟೋಯ್ತು ಕಣಣ್ಣೋ” ಎಂಬ ಗೋಳು ಶುರು. ತಪ್ಪು ಹುಡುಗನದಲ್ಲ. ಫಾರ್ಮ್ಯಾಟ್ ಅಂದರೆ ಅದೇ.

ಮೊದಲನೇ ಮಾತು

ಇರುವುದೆಲ್ಲ ಎರಡು ಕಡೆ ಕಾಪಿಯಾಗಿ, ಆ ಕಾಪಿಯನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ಓದಿ ನೋಡುವವರೆಗೆ ಮೆಷಿನ್ ಮುಟ್ಟಕೂಡದು. ಕಾಪಿ ಆಯಿತು ಎಂದು ಪರದೆ ಹೇಳಿದರೆ ಸಾಲದು. ಪೆನ್‌ಡ್ರೈವ್ ಚುಚ್ಚಿ, ಫೈಲ್ ತೆರೆದು, ಅಕ್ಷರ ಸರಿಯಾಗಿ ಕಾಣುತ್ತದೆಯೇ ನೋಡಬೇಕು. ಒಂದು ಕಾಪಿ ಮನೆಯಲ್ಲಿರಲಿ, ಇನ್ನೊಂದು ಚಾಮರಾಜನಗರದಲ್ಲೋ ಸತ್ಯಮಂಗಲದಲ್ಲೋ ಇರುವ ನೆಂಟರ ಮನೆಯಲ್ಲಿರಲಿ.

ಡಿ ಡ್ರೈವ್ ಒಂದನ್ನೇ ಕಾಪಿ ಮಾಡಿ ಸುಮ್ಮನಾಗಬೇಡಿ. ನಮ್ಮ ಜನ ಬೇಕಾದ್ದನ್ನೆಲ್ಲ ಇಡುವುದು ಡೆಸ್ಕ್‌ಟಾಪಿನ ಮೇಲೆ ಮತ್ತು ಡೌನ್‌ಲೋಡ್ಸ್ ಫೋಲ್ಡರಿನೊಳಗೆ. ಅವೆರಡೂ ಸಿ ಡ್ರೈವಿನಲ್ಲಿವೆ, ಫಾರ್ಮ್ಯಾಟ್ ಆದರೆ ಮೊದಲು ಹೋಗುವುದೇ ಅವು. ಅಣ್ಣಾವ್ರು ಊರಿಗೆ ಬಂದಾಗ ತೆಗೆಸಿಕೊಂಡ ಫೋಟೋ ಸ್ಕ್ಯಾನ್ ಆಗಿ ಯಾವುದೋ ಹೆಸರಿಲ್ಲದ ಫೋಲ್ಡರಿನಲ್ಲಿ ಬಿದ್ದಿದ್ದರೆ ಅದನ್ನು ಇವತ್ತೇ ಹುಡುಕಿ ತೆಗೆಯಿರಿ. ಹೊಸ ಲ್ಯಾಪ್‌ಟಾಪ್ ದುಡ್ಡಿಗೆ ಸಿಗುತ್ತದೆ, ಅದು ಸಿಗುವುದಿಲ್ಲ.

ಹಾರ್ಡ್ ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಅಪ್‌ಗ್ರೇಡ್ ಮಾತೇ ಬೇಡ. ಕಾಪಿ ತೆಗೆದುಕೊಂಡು ಆಫ್ ಮಾಡಿ.

ಮೂರು ಲಿಪಿಯ ತೊಡಕು

ಬೆಂಗಳೂರಿನಲ್ಲಿ ಕೂತು ಅಪ್‌ಗ್ರೇಡ್ ಬಗ್ಗೆ ಬರೆಯುವವರು ಯಾರೂ ಹೇಳದ, ನಮಗೆ ಮಾತ್ರ ಬರುವ ತೊಂದರೆಯೊಂದಿದೆ. 1956ರ ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ತಾಳವಾಡಿ ಸೀಮೆ ಮದ್ರಾಸಿನಲ್ಲೇ ಉಳಿಯಿತು. ಅಂದಿನಿಂದ ಮನೆಮಾತು ಕನ್ನಡ, ಸರ್ಕಾರಿ ಕಾಗದ ತಮಿಳು. ಗಡಿಯಾಚೆ ಜಮೀನಿದ್ದವರಿಗೆ ಅಲ್ಲಿಯ ಪಹಣಿ, ಈಚೆಯದಕ್ಕೆ ಪಟ್ಟಾ, ಚಿಟ್ಟಾ. ಹೀಗಾಗಿ ಒಂದೇ ಕಂಪ್ಯೂಟರಿನಲ್ಲಿ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಕುಟ್ಟಿದ ಕನ್ನಡ ಅರ್ಜಿ, ವಾನವಿಲ್ ಅಥವಾ ಬಾಮಿನಿ ಅಕ್ಷರದ ತಮಿಳು ಅರ್ಜಿ, ಇಂಗ್ಲಿಷಿನ ಬ್ಯಾಂಕ್ ಪತ್ರ ಎಲ್ಲವೂ ಇರುತ್ತವೆ.

ಆ ಹಳೇ ಕನ್ನಡ, ತಮಿಳು ಫೈಲುಗಳಲ್ಲಿ ನಿಜವಾಗಿ ಕನ್ನಡವೂ ಇಲ್ಲ, ತಮಿಳೂ ಇಲ್ಲ. ಒಳಗೆ ಇರುವುದು ಇಂಗ್ಲಿಷ್ ಗುರುತುಗಳು. ಫಾಂಟ್ ಅವಕ್ಕೆ ನಮ್ಮ ಅಕ್ಷರದ ವೇಷ ಹಾಕಿ ತೋರಿಸುತ್ತದೆ, ಅಷ್ಟೇ. ಹೊಸ ವಿಂಡೋಸ್ ಹಾಕಿದ ಮೇಲೆ ಆ ಫಾಂಟ್ ಇಲ್ಲದಿದ್ದರೆ ವೇಷ ಕಳಚುತ್ತದೆ. ನುಡಿ ಫೈಲ್ ತೆರೆದರೆ ‘ನ’ ಇರಬೇಕಾದ ಕಡೆ ಬ್ರಿಟಿಷ್ ಪೌಂಡಿನ ಗುರುತು, ಸುತ್ತ ತಲೆಯ ಮೇಲೆ ಗೀಟು ಎಳೆದುಕೊಂಡ ಎ ಅಕ್ಷರಗಳು ಸಾಲಾಗಿ ನಿಂತಿರುತ್ತವೆ. ಫೈಲ್ ಕೆಟ್ಟಿತೆಂದು ಡಿಲೀಟ್ ಮಾಡಿದವರಿದ್ದಾರೆ. ಅದು ಕೆಟ್ಟಿರುವುದಿಲ್ಲ, ಫಾಂಟ್ ಹಾಕಿದರೆ ಮತ್ತೆ ಓದಬಹುದು.

ಆದ್ದರಿಂದ ಮಾಡಬೇಕಾದ್ದು: ಸಿ ಡ್ರೈವಿನಲ್ಲಿ ವಿಂಡೋಸ್ ಫೋಲ್ಡರ್, ಅದರೊಳಗೆ ಫಾಂಟ್ಸ್ ಫೋಲ್ಡರ್. ಅಲ್ಲಿಂದ ನುಡಿ, ಬಿಆರ್‌ಎಚ್ (ಬರಹದ್ದು), ವಾನವಿಲ್, ಬಾಮಿನಿ ಹೆಸರಿನವನ್ನೆಲ್ಲ ಆರಿಸಿ ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಪೆನ್‌ಡ್ರೈವಿನಲ್ಲಿ ‘ಫಾಂಟ್’ ಎಂದೇ ಒಂದು ಫೋಲ್ಡರ್ ಇರಲಿ. ಬರಹದ ಸ್ವಂತ ಫೈಲುಗಳಿದ್ದರೆ ಹಳೇ ಮೆಷಿನ್ ಜೀವಂತ ಇರುವಾಗಲೇ ಅದರಲ್ಲಿ ತೆರೆದು, ಇಂಥ ವೇಷ ಬೇಕಿಲ್ಲದ ಯೂನಿಕೋಡ್‌ಗೆ ಬದಲಿಸಿ ಉಳಿಸಿಕೊಳ್ಳಿ.

ತಮಿಳುನಾಡು ಸರ್ಕಾರ ಯೂನಿಕೋಡ್ ಒಪ್ಪಿಕೊಂಡದ್ದು 2010ರಲ್ಲಿ, ಕರ್ನಾಟಕ 2012ರಲ್ಲಿ. ಅದಕ್ಕಿಂತ ಹಿಂದಿನ ಕಡತವೆಂದರೆ ಹಳೇ ಫಾಂಟಿನದ್ದೇ ಎಂದು ಎಣಿಸಿಕೊಳ್ಳಿ. ಅದಕ್ಕಿಂತ ಈಚಿನವೂ ಹಳೇ ಫಾಂಟಿನವೇ ಆಗಿರಬಹುದು, ಟೈಪಿಂಗ್ ಅಂಗಡಿಗಳು ಆಜ್ಞೆ ಹೊರಟ ಮಾರನೇ ದಿನ ಬದಲಾಗುವುದಿಲ್ಲ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬಳಸಿ, ಆದರೆ ಮೂಲ ಫೈಲನ್ನು ಅಳಿಸಕೂಡದು. ಕನ್ನಡದ ನಡುವೆ ಇಂಗ್ಲಿಷ್ ಹೆಸರೋ ವಿಳಾಸವೋ ಇದ್ದರೆ ಪರಿವರ್ತಕ ಅದನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ಒತ್ತಕ್ಷರ, ಅರ್ಕಾವತ್ತು ಎಡವುವುದೂ ಉಂಟು. ಜಮೀನಿನ ಕಾಗದವಾದರೆ ಪರಿವರ್ತಿಸಿದ್ದನ್ನು ಮೂಲದ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಓದಲೇಬೇಕು. ಹಳೇ ಮೆಷಿನ್ನಿನಲ್ಲೇ ಒಂದೊಂದು ಪ್ರತಿ ಪಿಡಿಎಫ್ ಮಾಡಿಟ್ಟುಕೊಂಡರೆ ಇನ್ನೂ ಕ್ಷೇಮ, ಅದರಲ್ಲಿ ಫಾಂಟ್ ಒಳಗೇ ಕೂತಿರುತ್ತದೆ.

ಯೂನಿಕೋಡಿನಲ್ಲೇ ಬರೆದವರಿಗೂ ಒಂದು ಸಣ್ಣ ಕಿರಿಕಿರಿ ಇದೆ. ಎಕ್ಸ್‌ಪಿ ಕಾಲದ ತುಂಗಾ ಫಾಂಟ್ ಈಗ ವಿಂಡೋಸ್ ಜೊತೆ ತಾನಾಗಿ ಬರುವುದಿಲ್ಲ, ಆ ಜಾಗದಲ್ಲಿ ನಿರ್ಮಲಾ ಇದೆ. ತಮಿಳಿನ ಲತಾ ಕಥೆಯೂ ಹಾಗೇ. ಪುಟಗಳು ಹೆಚ್ಚುಕಡಿಮೆಯಾದರೆ ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡ, ತಮಿಳು ಸಪ್ಲಿಮೆಂಟಲ್ ಫಾಂಟ್ಸ್ ಆರಿಸಿ ಹಾಕಿಕೊಳ್ಳಿ.

ಮೆಷಿನ್ನಿಗೆ ಯೋಗ್ಯತೆ ಇದೆಯೇ?

ವಿಂಡೋಸ್ 11ಕ್ಕೆ ಬೇಕಾದ್ದು 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಯುಇಎಫ್‌ಐ ಮತ್ತು ಸೆಕ್ಯೂರ್ ಬೂಟ್, ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು, ಪಟ್ಟಿಯಲ್ಲಿರುವ ಪ್ರೊಸೆಸರ್. ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಮೇಲೆ. ಲ್ಯಾಪ್‌ಟಾಪಿನ ಪ್ರೊಸೆಸರ್ ಹೆಸರಿನಲ್ಲಿ ಐ3, ಐ5 ಆದಮೇಲೆ ಬರುವ ಸಂಖ್ಯೆ ನೋಡಿ. 8250 ಎಂದಿದ್ದರೆ 8ನೇ ತಲೆಮಾರು, ಆಗುತ್ತದೆ. 7200 ಎಂದಿದ್ದರೆ 7ನೆಯದು, ಆಗುವುದಿಲ್ಲ. ಬರೀ “ಐ5 ಐತೆ, ಒಳ್ಳೇದು” ಎಂಬ ಮಾತಿಗೆ ಬೆಲೆಯಿಲ್ಲ. ಲೆಕ್ಕ ಬೇಡವೆನ್ನುವವರು ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಹಾಕಿ ನೋಡಿ, ಆಗುತ್ತದೋ ಇಲ್ಲವೋ ಅದೇ ಹೇಳುತ್ತದೆ.

ಟಿಪಿಎಂ ಇಲ್ಲವೆಂದು ಬಂದರೆ ಕೂಡಲೇ ಕೈಚೆಲ್ಲಬೇಡಿ. ಎಷ್ಟೋ ಮೆಷಿನ್ನುಗಳಲ್ಲಿ ಅದು ಇದ್ದೂ ಆಫ್ ಆಗಿರುತ್ತದೆ. ಬಯೋಸ್‌ನಲ್ಲಿ ಇಂಟೆಲ್‌ನವರಿಗೆ ಪಿಟಿಟಿ, ಎಎಂಡಿಯವರಿಗೆ ಎಫ್‌ಟಿಪಿಎಂ ಎಂಬ ಹೆಸರಲ್ಲಿ ಸಿಗುತ್ತದೆ. ಆದರೆ ಬಯೋಸ್ ಒಳಗೆ ಹೋದವರು ಲೆಗಸಿ ಎಂದಿರುವುದನ್ನು ಯುಇಎಫ್‌ಐ ಎಂದು ಸುಮ್ಮನೆ ತಿರುಗಿಸಬಾರದು. ಡಿಸ್ಕಿನ ವಿಭಜನೆಯನ್ನು ಜಿಪಿಟಿ ಮಾದರಿಗೆ ಬದಲಿಸದೆ ಹಾಗೆ ಮಾಡಿದರೆ ಬೂಟ್ ಆಗುವುದಿಲ್ಲ. ಈಗಾಗಲೇ ಮಾಡಿಬಿಟ್ಟಿದ್ದರೆ ಹೆದರಬೇಡಿ, ಮತ್ತೆ ಲೆಗಸಿ ಮಾಡಿದರೆ ಎದ್ದು ಬರುತ್ತದೆ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಬಯೋಸ್ ಮುಟ್ಟುವ ಮೊದಲು ಅದರ 48 ಅಂಕಿಯ ಕೀ ಕಾಗದದ ಮೇಲೆ ಬರೆದುಕೊಳ್ಳಲೇಬೇಕು.

2011ರಿಂದ ತಮಿಳುನಾಡು ಸರ್ಕಾರ ಶಾಲಾ ಮಕ್ಕಳಿಗೆ ಎಲ್ಕಾಟ್ ಮೂಲಕ ಕೊಟ್ಟ ಉಚಿತ ಲ್ಯಾಪ್‌ಟಾಪುಗಳು ನಮ್ಮ ಕಡೆ ಇನ್ನೂ ಉಸಿರಾಡುತ್ತಿವೆ. ಅಣ್ಣನದು ತಮ್ಮನಿಗೆ, ತಮ್ಮನದು ಅಪ್ಪನ ಲೆಕ್ಕಪತ್ರಕ್ಕೆ. ಮೊದಲ ವರ್ಷಗಳವಕ್ಕೆ ವಿಂಡೋಸ್ 11ರ ಆಸೆ ಬಿಡಿ. ತಪಾಸಣೆ ತಪ್ಪಿಸಿ ಹೇಗೋ ತೂರಿಸಿಕೊಡುತ್ತೇನೆ ಎನ್ನುವವರು ಸಿಗುತ್ತಾರೆ. ಮಾಡಿಸಬೇಡಿ. ಮುಂದಿನ ದೊಡ್ಡ ಅಪ್‌ಡೇಟ್ ಬಾರದೇ ಇರಬಹುದು. ವಿಂಡೋಸ್ 11ರ 24ಎಚ್2 ಆವೃತ್ತಿಯಂತೂ ಕೋರ್ 2 ಡ್ಯುಯೊ ಕಾಲದ ಪ್ರೊಸೆಸರಿನಲ್ಲಿ ಬೂಟ್ ಕೂಡ ಆಗುವುದಿಲ್ಲ.

ಆಗದ ಮೆಷಿನ್ನಿಗೆ

ವಿಂಡೋಸ್ 10ರ 22ಎಚ್2 ಆವೃತ್ತಿ ಇದ್ದರೆ, ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಇಎಸ್‌ಯು ಯೋಜನೆಗೆ ಹೆಸರು ಕೊಟ್ಟರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಬರುತ್ತದೆ. ಸೆಟ್ಟಿಂಗ್ಸ್ ಸಿಂಕ್ ಮಾಡಲು ಒಪ್ಪಿದರೆ ದುಡ್ಡಿಲ್ಲ. ಇದು ಉಸಿರು ಎಳೆದುಕೊಳ್ಳಲು ಸಿಕ್ಕ ಸಮಯ, ಪರಿಹಾರವಲ್ಲ.

ನನ್ನ ಅಭಿಪ್ರಾಯ ಕೇಳಿದರೆ ಲಿನಕ್ಸ್ ಹಾಕಿ. ಹೊಸ ಸಂಗತಿಯೇನಲ್ಲ, ಎಲ್ಕಾಟ್ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಪಕ್ಕದಲ್ಲೇ ಚೆನ್ನೈನ ಸಿ-ಡ್ಯಾಕ್ ಮಾಡಿದ ಬಾಸ್ ಲಿನಕ್ಸ್ ಇತ್ತು. ಎಷ್ಟು ಮನೆಯಲ್ಲಿ ಅದನ್ನು ತೆರೆದು ನೋಡಿದರೋ! ಲಿನಕ್ಸ್ ಮಿಂಟ್ 22ಕ್ಕೆ 2 ಜಿಬಿ ರ‍್ಯಾಮ್, 20 ಜಿಬಿ ಜಾಗ ಇದ್ದರೆ ನಡೆಯುತ್ತದೆ, 4 ಜಿಬಿ ಇದ್ದರೆ ಹಾಯಾಗಿ ನಡೆಯುತ್ತದೆ. 2029ರವರೆಗೆ ಅಪ್‌ಡೇಟ್ ಇದೆ. ಹಾಕುವ ಮೊದಲು ಪೆನ್‌ಡ್ರೈವಿನಿಂದಲೇ ಓಡಿಸಿ ವೈಫೈ, ಸೌಂಡ್, ಪ್ರಿಂಟರ್ ಮೂರನ್ನೂ ನೋಡಬೇಕು. ಪ್ರಿಂಟರ್ ನೋಡದೆ ಹಾಕಿದವರು ಪೇಚಿಗೆ ಸಿಕ್ಕುತ್ತಾರೆ. ಅಂಗಡಿ ಅಂಗಡಿಯಲ್ಲೂ ಇರುವ ಕ್ಯಾನನ್ ಎಲ್‌ಬಿಪಿ 2900 ಲಿನಕ್ಸಿನಲ್ಲಿ ಸುಲಭಕ್ಕೆ ಬಗ್ಗುವುದಿಲ್ಲ. ಟ್ಯಾಲಿ ನೇರವಾಗಿ ನಡೆಯುವುದಿಲ್ಲ. ಕನ್ನಡಕ್ಕೆ ಮಾತ್ರ ಕೊರತೆಯಿಲ್ಲ: ಐಬಸ್ ಎಂ17ಎನ್ ಹಾಕಿಕೊಂಡರೆ ಕೈಗೆ ರೂಢಿಯಾದ ಕಗಪ ಕೀಲಿಮಣೆಯೇ ಸಿಗುತ್ತದೆ, ಗುಬ್ಬಿ, ನವಿಲು ಎಂಬ ಫಾಂಟುಗಳಿವೆ. ಕಾಪಿ ಮಾಡಿಟ್ಟ ನುಡಿ ಫಾಂಟ್ ಹಾಕಿದರೆ ಹಳೇ ಫೈಲುಗಳನ್ನು ಲಿಬ್ರೆಆಫೀಸಿನಲ್ಲೂ ಓದಬಹುದು.

ಯಾವುದನ್ನೇ ಹಾಕಿ, ತಿರುಗುವ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ. ಹತ್ತು ವರ್ಷದ ಮೆಷಿನ್ನಿಗೆ ಖರ್ಚು ಮಾಡಬೇಕಾದ ಕೆಲಸ ಅದೊಂದೇ.

ಕೆಲಸದ ದಿನ

ಮಳೆಗಾಲದ ಸಂಜೆ ಕೂರಬೇಡಿ. ಕರೆಂಟ್ ಇರುವ ಬೆಳಗ್ಗೆ, ಯುಪಿಎಸ್ ಬ್ಯಾಟರಿ ನಿಲ್ಲುತ್ತದೆಂದು ಖಾತ್ರಿ ಮಾಡಿಕೊಂಡು ಶುರು ಮಾಡಿ. ಬಯೋಸ್ ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಮದರ್‌ಬೋರ್ಡೇ ಸಾಯಬಹುದು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿದ್ದರೆ ಅದನ್ನು ಲ್ಯಾಪ್‌ಟಾಪ್ ಎಂದುಕೊಳ್ಳಬೇಡಿ, ಅದೂ ಡೆಸ್ಕ್‌ಟಾಪೇ.

ವಿಂಡೋಸ್ 11ರ ಫೈಲ್ 5 ಜಿಬಿಗೂ ಮಿಕ್ಕಿದೆ. ದಿನಕ್ಕೆ ಎರಡು ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಇಳಿಸಲು ಹೋಗಬೇಡಿ. ಒಳ್ಳೆಯ ಲೈನ್ ಇರುವ ಕಡೆ, ಮೈಕ್ರೋಸಾಫ್ಟ್ ಜಾಲತಾಣದಿಂದಲೇ, ಕನಿಷ್ಠ 8 ಜಿಬಿಯ ಖಾಲಿ ಪೆನ್‌ಡ್ರೈವಿಗೆ ಇಳಿಸಿಕೊಂಡು ಬನ್ನಿ. ಪೆನ್‌ಡ್ರೈವಿನಲ್ಲಿ ಇದ್ದದ್ದು ಅಳಿಸಿಹೋಗುತ್ತದೆ, ಕಾಪಿ ಇಟ್ಟ ಪೆನ್‌ಡ್ರೈವನ್ನೇ ಕೊಟ್ಟು ಕೂರಬೇಡಿ. ಹಾಕುವಾಗ ವೈಫೈ ಕಾಣದಿದ್ದರೆ ಫೋನಿಗೆ ಕೇಬಲ್ ಚುಚ್ಚಿ ಯುಎಸ್‌ಬಿ ಟೆದರಿಂಗ್ ಮಾಡಿ.

ವಿಂಡೋಸ್ 10ರಿಂದ 11ಕ್ಕೆ ಹೋಗುವವರು “ಫೈಲ್ ಮತ್ತು ಆ್ಯಪ್ ಉಳಿಸಿಕೊಳ್ಳಿ” ಎಂಬುದನ್ನೇ ಆರಿಸಬೇಕು. ಹಿಡಿಸದಿದ್ದರೆ 10 ದಿನದೊಳಗೆ ಹಿಂದಕ್ಕೆ ಬರಬಹುದು. ಅಷ್ಟರವರೆಗೆ ಜಾಗ ಮಾಡುತ್ತೇನೆಂದು ವಿಂಡೋಸ್ ಡಾಟ್ ಓಲ್ಡ್ ಫೋಲ್ಡರ್ ಅಳಿಸಬಾರದು. ವಿಂಡೋಸ್ 7 ಇದ್ದವರಿಗೆ ಈ ಅನುಕೂಲವಿಲ್ಲ, ಹೊಸದಾಗಿಯೇ ಹಾಕಬೇಕು. ಟ್ಯಾಲಿ ಲೈಸೆನ್ಸ್ ಇರುವವರು ಫಾರ್ಮ್ಯಾಟಿಗೆ ಮುಂಚೆ ಅದನ್ನು ಸರೆಂಡರ್ ಮಾಡಿರಬೇಕು.

ರಿಪೇರಿಗೆ ದಿಂಬಂ ಘಟ್ಟದ 27 ತಿರುವು ಇಳಿಸಿ ಸತ್ಯಮಂಗಲಕ್ಕೆ ಒಯ್ಯುವವರು ಸಿಪಿಯುವನ್ನು ಬೈಕಿನ ಹಿಂದೆ ಕಟ್ಟಬೇಡಿ. ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಳ್ಳಿ. ಅಂಗಡಿಯಲ್ಲಿ “ಡೇಟಾ ಹೋಗಕೂಡದು” ಎಂದು ರಸೀದಿಯ ಮೇಲೆ ಬರೆಸಿಕೊಳ್ಳಿ. ಬಾಯಿಮಾತು ಸಾಲದು.

ಕ್ರ್ಯಾಕ್ ಹಾಕಿದ ವಿಂಡೋಸ್, ಆ್ಯಕ್ಟಿವೇಟರ್: ಬೇಡ, ಬೇಡವೇ ಬೇಡ. ಅದನ್ನು ಹಾಕುವವನು ಮೊದಲು ಮಾಡುವ ಕೆಲಸ ಆ್ಯಂಟಿವೈರಸ್ ಆಫ್ ಮಾಡುವುದು. ಯಾಕೆಂದು ಅವನನ್ನೇ ಕೇಳಿ. ಆ ಮೆಷಿನ್ನಿನಲ್ಲಿ ಬ್ಯಾಂಕ್ ಪಾಸ್‌ವರ್ಡ್ ಕುಟ್ಟಬೇಡಿ. ಹಳೇ ಎಕ್ಸ್‌ಪಿ, 7ರಲ್ಲೂ ಕುಟ್ಟಬೇಡಿ. ನುಡಿ ಫೈಲ್ ಓದಲಿಕ್ಕೆ ಅವನ್ನು ಇಟ್ಟುಕೊಳ್ಳುವುದಾದರೆ ನೆಟ್ ಕೇಬಲ್ ಕಿತ್ತಿಟ್ಟು ಇಟ್ಟುಕೊಳ್ಳಿ.

ಹಾಕಿದ ಮೇಲೆ

ಯಾವ ಜಾಲತಾಣವೂ ತೆರೆಯದೆ ಸರ್ಟಿಫಿಕೇಟ್ ಸರಿಯಿಲ್ಲ ಎಂದು ಬರುತ್ತಿದ್ದರೆ ಹೊಸ ವಿಂಡೋಸನ್ನು ಬೈಯುವ ಮೊದಲು ಮೂಲೆಯಲ್ಲಿರುವ ತಾರೀಖು ನೋಡಿ. ಎಷ್ಟೋ ವರ್ಷ ಹಿಂದಿನದು ತೋರಿಸುತ್ತಿದ್ದರೆ ಬೋರ್ಡಿನ ಮೇಲಿನ ಸಿಆರ್ 2032 ಬ್ಯಾಟರಿ ಮುಗಿದಿದೆ. ನಾಣ್ಯದಷ್ಟಿರುವ ಆ ಬಿಲ್ಲೆಯನ್ನು ಬದಲಿಸಿ ತಾರೀಖು ಸರಿಮಾಡಿದರೆ ಮುಗಿಯಿತು. ಅದಕ್ಕಾಗಿ ಮತ್ತೊಮ್ಮೆ ಫಾರ್ಮ್ಯಾಟ್ ಮಾಡಿಸಿ ದುಡ್ಡು ಕೊಡಬೇಡಿ.

ವಿಂಡೋಸ್ ಜೊತೆ ಬರುವ ಕನ್ನಡ ಕೀಲಿಮಣೆಗಳು ಇನ್‌ಸ್ಕ್ರಿಪ್ಟ್ ಮತ್ತು ಫೋನೆಟಿಕ್. ಕಗಪ ಬೇಕಾದವರು ನುಡಿಯನ್ನು ಬೇರೆಯಾಗಿ ಹಾಕಿಕೊಳ್ಳಬೇಕು.

ಪರದೆ ತುಂಬ ಕೆಂಪು ಎಚ್ಚರಿಕೆ, ಕೆಳಗೊಂದು ಫೋನ್ ನಂಬರ್, “ನಿಮ್ಮ ವಿಂಡೋಸ್ ಲಾಕ್ ಆಗಿದೆ, ಕರೆ ಮಾಡಿ” ಎಂದು ಬಂದರೆ ಅದು ಮೋಸ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಯಲ್ಲಿ ಫೋನ್ ನಂಬರ್ ಹಾಕುವುದಿಲ್ಲ. ಕರೆ ಮಾಡಬೇಡಿ, ಅವರು ಹೇಳಿದ ಆ್ಯಪ್ ಹಾಕಿ ಮೆಷಿನ್ ಅವರ ಕೈಗೆ ಕೊಡಬೇಡಿ. ದುಡ್ಡು ಹೋಗಿಯೇ ಬಿಟ್ಟಿದ್ದರೆ ಬೆಳಗಾಗಲಿ ಎಂದು ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ತೆಗೆಸಿದ ಹಳೇ ಹಾರ್ಡ್ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ, ಗುಜರಿಗೂ ಹಾಕಬೇಡಿ. ಅದರೊಳಗೆ ನಿಮ್ಮ ಆಧಾರ್, ಪಟ್ಟಾ, ಪಾಸ್‌ಬುಕ್ಕಿನ ಸ್ಕ್ಯಾನ್ ಹಾಗೇ ಇವೆ. ಡಿಲೀಟ್ ಮಾಡಿದ್ದರೂ ಮರಳಿ ತೆಗೆಯುವವರಿದ್ದಾರೆ. ಕೇಳಿ ಈಸಿಕೊಂಡು, ಮೇಲೆ ಹೆಸರು, ವರ್ಷ ಬರೆದ ಚೀಟಿ ಅಂಟಿಸಿ, ಜಮೀನಿನ ಕಾಗದ ಇಡುವ ಪೆಟ್ಟಿಗೆಯಲ್ಲೇ ಇಡಿ.