ಮೂರು ನಿಮಿಷಕ್ಕೆ ನೂರು ಸುತ್ತು

ಹಳೆಯ ವಸ್ತುವೊಂದು ಕೆಟ್ಟು ನಿಂತಾಗ 'ಇದು ಇನ್ನು ಪ್ರಯೋಜನಕ್ಕೆ ಬಾರದು' ಎಂದು ಮೂಲೆಗೆ ಎಸೆಯುವುದು ಸುಲಭ. ಅದು ಏಕೆ ಕೆಟ್ಟಿತು ಎಂದು ತಿಳಿಯಲು ಯತ್ನಿಸುವುದಕ್ಕೆ ತಾಳ್ಮೆ ಬೇಕು. ಆ ತಾಳ್ಮೆಯ ಬೆಲೆಯನ್ನು ನನಗೆ ಕಲಿಸಿದುದು ಒಂದು ಹಳೆಯ ರೆಕಾರ್ಡ್ ಪ್ಲೇಯರ್.

ಧ್ವನಿಯನ್ನು ಹಿಡಿದಿಟ್ಟು ಮತ್ತೆ ಕೇಳಿಸುವ ಯಂತ್ರವನ್ನು ಥಾಮಸ್ ಆಲ್ವ ಎಡಿಸನ್ 1877ರಲ್ಲಿ ನಿರ್ಮಿಸಿದನು. ಅದರಲ್ಲಿ ಧ್ವನಿಯು ಒಂದು ಉರುಳೆಯ ಮೇಲೆ ದಾಖಲಾಗುತ್ತಿತ್ತು. 1887ರಲ್ಲಿ ಎಮಿಲ್ ಬರ್ಲಿನರ್ ಎಂಬಾತನು ಉರುಳೆಯ ಬದಲು ಚಪ್ಪಟೆಯಾದ ತಟ್ಟೆಯನ್ನು ಬಳಸುವ ಗ್ರಾಮಫೋನನ್ನು ರೂಪಿಸಿದನು. ಬಹುಕಾಲ ಈ ತಟ್ಟೆಗಳನ್ನು ಅರಗು ಬೆರೆಸಿದ ಪದಾರ್ಥದಿಂದ ಮಾಡುತ್ತಿದ್ದರು. ಅವು ನಿಮಿಷಕ್ಕೆ ಸುಮಾರು 78 ಬಾರಿ ಸುತ್ತುತ್ತ, ಮೂರು ನಾಲ್ಕು ನಿಮಿಷಗಳಲ್ಲಿ ಮುಗಿದುಹೋಗುತ್ತಿದ್ದವು. 1948ರಲ್ಲಿ ವಿನೈಲ್ ಎಂಬ ಪ್ಲಾಸ್ಟಿಕ್‌ನ ದೀರ್ಘವಾದನ ತಟ್ಟೆ ಬಂದಿತು. ಅದು ನಿಮಿಷಕ್ಕೆ 33⅓ ಸುತ್ತು, ಎಂದರೆ ಮೂರು ನಿಮಿಷಕ್ಕೆ ಸರಿಯಾಗಿ ನೂರು ಸುತ್ತು ಸುತ್ತುತ್ತದೆ.

ಇಂತಹ ತಟ್ಟೆಯ ಒಂದು ಮುಖದಲ್ಲಿ ಇರುವುದು ಒಂದೇ ಒಂದು ಸುರುಳಿಗೆರೆ. ಇಪ್ಪತ್ತು ನಿಮಿಷಗಳ ಸಂಗೀತವುಳ್ಳ ಆ ಗೆರೆಯನ್ನು ಬಿಡಿಸಿ ನೇರವಾಗಿ ಚಾಚಲು ಸಾಧ್ಯವಾದರೆ ಅದು ನಾನೂರು ಮೀಟರುಗಳನ್ನೂ ಮೀರುತ್ತದೆ. ಗೆರೆಯ ಎರಡು ಬದಿಯ ಗೋಡೆಗಳಲ್ಲಿ ಧ್ವನಿಯು ಅಲೆಯಲೆಯಾಗಿ ಕೊರೆದಿರುತ್ತದೆ. ಅದರಲ್ಲಿ ಸಾಗುವ ವಜ್ರದ ಮುಳ್ಳು ಆ ಅಲೆಗಳಿಗೆ ತಕ್ಕಂತೆ ಕಂಪಿಸುತ್ತದೆ. ಈ ಕಂಪನವು ವಿದ್ಯುತ್ತಾಗಿ ಮಾರ್ಪಟ್ಟು, ಧ್ವನಿವರ್ಧಕದಲ್ಲಿ ನಾದವಾಗಿ ಹೊಮ್ಮುತ್ತದೆ.

ನಮ್ಮ ತಂದೆಯವರು ಸಂಗೀತದ ಮೇಷ್ಟರು. ಅವರ ಬಳಿ ಸುಮಾರು ನಲವತ್ತು ದೀರ್ಘವಾದನ ತಟ್ಟೆಗಳಿದ್ದವು. ನುಡಿಸುವ ಯಂತ್ರ ಮಾತ್ರ ಇರಲಿಲ್ಲ. ಒಂದು ದಿನ ಗುಜರಿ ಅಂಗಡಿಯೊಂದರಲ್ಲಿ ಅಮೆರಿಕದಲ್ಲಿ ಬಳಸಿದ ಹಳೆಯ ರೆಕಾರ್ಡ್ ಪ್ಲೇಯರ್ ನನ್ನ ಕಣ್ಣಿಗೆ ಬಿದ್ದಿತು. ಎರಡು ಸಾವಿರ ರೂಪಾಯಿ ಕೊಟ್ಟು ಕೊಂಡು ತಂದೆನು. ಅದರ ಹಿಂಬದಿಯಲ್ಲಿ '120 ವೋಲ್ಟ್, 60 ಹರ್ಟ್ಸ್' ಎಂದು ಬರೆದಿತ್ತು. ನಮ್ಮ ಮನೆಯ 230 ವೋಲ್ಟನ್ನು ತಗ್ಗಿಸುವ ಟ್ರಾನ್ಸ್‌ಫಾರ್ಮರ್ ಒಂದನ್ನು ತಂದೆನು. ಉಳಿದ ಬರಹದ ಕಡೆಗೆ ನನ್ನ ಗಮನವೇ ಹರಿಯಲಿಲ್ಲ.

ಅಂದು ಸಂಜೆಯೇ ತಂದೆಯವರಿಗೆ ಬಹು ಪ್ರಿಯವಾದ ಪಿಟೀಲು ವಾದನದ ತಟ್ಟೆಯನ್ನು ಇಟ್ಟು ಮುಳ್ಳನ್ನು ಇಳಿಸಿದೆನು. ನಾದವೇನೋ ಬಂದಿತು, ಆದರೆ ಅದರೊಡನೆ ಗರಗರ ಸದ್ದೂ ಬಂದಿತು. ಧೂಳಿರಬೇಕೆಂದು ತಟ್ಟೆಯನ್ನು ಒರೆಸಿ ಮತ್ತೆ ನುಡಿಸಿದೆನು. ಹೀಗೆ ಮೂರು ನಾಲ್ಕು ಬಾರಿ ಮಾಡಿದೆನು. ಕಣ್ಣು ಮುಚ್ಚಿ ಕೇಳುತ್ತಿದ್ದ ತಂದೆಯವರು ಕೈಯೆತ್ತಿ, "ನಿಲ್ಲಿಸು. ಶ್ರುತಿ ಮೂರು ಸ್ವರಸ್ಥಾನ ಕೆಳಗಿಳಿದಿದೆ, ನಾದವೂ ಓಲಾಡುತ್ತಿದೆ. ಸುಮ್ಮನೆ ತಟ್ಟೆಯನ್ನು ನೋಯಿಸಬೇಡ" ಎಂದರು.

ಹೊಸದನ್ನೇ ಕೊಳ್ಳುವಷ್ಟು ಹಣ ನನ್ನಲ್ಲಿರಲಿಲ್ಲ. ಮರುದಿನ ಒಂದು ಕಾಗದವನ್ನು ತೆಗೆದುಕೊಂಡು ಕಿವಿಗೆ ಬಿದ್ದ ದೋಷಗಳನ್ನು ಒಂದು ಕಡೆ, ಅವುಗಳಿಗೆ ಇರಬಹುದಾದ ಕಾರಣಗಳನ್ನು ಇನ್ನೊಂದು ಕಡೆ ಬರೆದೆನು. ಓಲಾಟ, ಇಳಿದ ಶ್ರುತಿ, ಗರಗರ ಸದ್ದು: ದೋಷಗಳು ಮೂರು. ಪ್ರತಿಯೊಂದಕ್ಕೂ ಬೇರೆ ಬೇರೆ ಕಾರಣವಿದ್ದಿತು.

ಮೊದಲು ವಿದ್ಯುತ್ ಸಂಪರ್ಕವನ್ನು ಕಿತ್ತು, ತಿರುಗುವ ಪೀಠವನ್ನು ಮೇಲೆತ್ತಿದೆನು. ಪೀಠದ ನಡುಗಂಬಕ್ಕೆ ಹಾಕಿದ್ದ ಎಣ್ಣೆ ವರ್ಷಗಳ ಕಾಲ ಹಾಗೆಯೇ ಇದ್ದು ಅಂಟಿನಂತಾಗಿತ್ತು. ಅದನ್ನು ಬಟ್ಟೆಯಿಂದ ಒರೆಸಿ ತೆಗೆದು ತೆಳುವಾದ ಯಂತ್ರದೆಣ್ಣೆ ಎರಡು ತೊಟ್ಟು ಬಿಟ್ಟೆನು. ಮೋಟಾರಿನ ಪುಟ್ಟ ರಾಟೆಯಿಂದ ಪೀಠಕ್ಕೆ ಚಲನೆಯನ್ನು ಒಯ್ಯುವ ರಬ್ಬರ್ ಪಟ್ಟಿ ಸಡಿಲವಾಗಿತ್ತು. ಸಡಿಲವಾದ ಪಟ್ಟಿ ಒಮ್ಮೆ ಹಿಡಿದು ಒಮ್ಮೆ ಜಾರುವುದರಿಂದ ಪೀಠದ ವೇಗ ಏರಿಳಿಯುತ್ತದೆ. ಹೊಸ ಪಟ್ಟಿ ಹಾಕಿದ ಮೇಲೆ ಓಲಾಟ ನಿಂತಿತು.

ಆದರೆ ಶ್ರುತಿ ಏರಲಿಲ್ಲ. ಪೀಠದ ಅಂಚಿಗೆ ಕಾಗದದ ಚೂರೊಂದನ್ನು ಅಂಟಿಸಿ, ಗಡಿಯಾರ ನೋಡುತ್ತ ಸುತ್ತುಗಳನ್ನು ಎಣಿಸಿದೆನು. ಮೂರು ನಿಮಿಷಕ್ಕೆ ನೂರರ ಬದಲು ಬಂದುದು ಎಂಬತ್ತಮೂರೇ! ನೂರಕ್ಕೆ ಎಂಬತ್ತಮೂರು ಎಂದರೆ ಸುಮಾರು ಆರಕ್ಕೆ ಐದು. ಆಗ ಹಿಂಬದಿಯ ಬರಹ ನೆನಪಾಯಿತು. ಅಮೆರಿಕದಲ್ಲಿ ವಿದ್ಯುತ್ತು ಸೆಕೆಂಡಿಗೆ 60 ಆವರ್ತಗಳಂತೆ ಹರಿಯುತ್ತದೆ, ನಮ್ಮಲ್ಲಿ 50. ಈ ಬಗೆಯ ಮೋಟಾರಿನ ವೇಗ ಆವರ್ತಗಳನ್ನು ಅನುಸರಿಸುತ್ತದೆ. ಟ್ರಾನ್ಸ್‌ಫಾರ್ಮರು ವೋಲ್ಟನ್ನು ಬದಲಿಸಬಲ್ಲದೇ ಹೊರತು ಆವರ್ತಗಳನ್ನಲ್ಲ.

ಮೋಟಾರಿನ ವೇಗ ಆರರಲ್ಲಿ ಐದು ಪಾಲಿಗೆ ಇಳಿದರೆ ರಾಟೆಯ ಗಾತ್ರ ಐದರಿಂದ ಆರಕ್ಕೆ ಏರಬೇಕು. ಹಳೆಯ ರಾಟೆಯ ವ್ಯಾಸ 10 ಮಿಲಿಮೀಟರ್. ಹೊಸದು 12 ಇರಬೇಕು. ಈ ಲೆಕ್ಕವನ್ನು ಹಿಡಿದು ಲೇತ್ ಕೆಲಸ ಮಾಡುವ ಹಿರಿಯರೊಬ್ಬರ ಬಳಿಗೆ ಹೋದೆನು. ಅವರು ನಕ್ಕು, "ಪಟ್ಟಿಯ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಬೇಕಪ್ಪ. ಮೊದಲು ಹನ್ನೆರಡೂವರೆ ಮಾಡಿಕೊಡುತ್ತೇನೆ. ಹೆಚ್ಚಾದರೆ ಸವರಬಹುದು, ಕಡಿಮೆಯಾದರೆ ಸೇರಿಸಲಾಗದು" ಎಂದರು. ಆ ಹಿತ್ತಾಳೆಯ ರಾಟೆಯಿಂದ ನೂರಮೂರು ಸುತ್ತು ಬಂದಿತು. ಎರಡು ಬಾರಿ ಕೂದಲೆಳೆಯಷ್ಟು ಸವರಿಸಿದ ಮೇಲೆ ಲೆಕ್ಕ ಸರಿಯಾಗಿ ನೂರಕ್ಕೆ ನಿಂತಿತು.

ಉಳಿದುದು ಗರಗರ ಸದ್ದು. ಮುಳ್ಳನ್ನು ಬಿಚ್ಚಿ, ಗಡಿಯಾರ ರಿಪೇರಿ ಮಾಡುವವರ ಭೂತಗನ್ನಡಿಯಲ್ಲಿ ನೋಡಿದೆನು. ಅದರ ಮೊನೆಯ ಒಂದು ಬದಿ ಮುರಿದಿತ್ತು. ನನ್ನ ಎದೆ ಧಸಕ್ಕೆಂದಿತು. ಮುಳ್ಳಿನ ಭಾರ ಎರಡು ಗ್ರಾಮಿನಷ್ಟೇ ಇರಬಹುದು. ಆದರೆ ಅದೆಲ್ಲವೂ ಕೂದಲಿನ ಅಗಲಕ್ಕಿಂತಲೂ ಕಿರಿದಾದ ಜಾಗದ ಮೇಲೆ ಬೀಳುತ್ತದೆ. ವಿಸ್ತೀರ್ಣ ಕಡಿಮೆಯಾದಷ್ಟೂ ಒತ್ತಡ ಹೆಚ್ಚು ಎಂಬುದನ್ನು ನೀವು ವಿಜ್ಞಾನದಲ್ಲಿ ಓದಿದ್ದೀರಿ. ಅಂದು ನಾನು ನುಡಿಸಿದ್ದು ಸಂಗೀತವನ್ನಲ್ಲ. ಮುರಿದ ವಜ್ರದಿಂದ ತಂದೆಯವರ ತಟ್ಟೆಯನ್ನು ಉಳುತ್ತಿದ್ದೆನು.

ಉಳಿದ ಹಣವನ್ನೆಲ್ಲ ಹೊಸ ಮುಳ್ಳಿಗೇ ಕೊಟ್ಟೆನು. ಮೊದಲಿನದು ಗೋಳಾಕಾರದ ಮೊನೆಯುಳ್ಳದ್ದು. ಹೊಸದು ಅಂಡಾಕಾರದ ಮೊನೆಯುಳ್ಳದ್ದಾದ್ದರಿಂದ ಸೂಕ್ಷ್ಮವಾದ ಅಲೆಗಳನ್ನೂ ಅನುಸರಿಸಬಲ್ಲದು. ತೋಳಿನ ಹಿಂಬದಿಯ ಸಮತೂಕದ ಗುಂಡನ್ನು ತಿರುಗಿಸಿ, ತೋಳು ತಕ್ಕಡಿಯ ದಂಡದಂತೆ ಸಮನಾಗಿ ನಿಲ್ಲುವಂತೆ ಮಾಡಿದೆನು. ಅನಂತರ ಮುಳ್ಳಿನ ತಯಾರಕರು ಹೇಳಿದಷ್ಟೇ ಭಾರವನ್ನು ಕೊಟ್ಟೆನು. ಭಾರ ಹೆಚ್ಚಾದರೆ ತಟ್ಟೆ ಸವೆಯುತ್ತದೆ. ತೀರ ಕಡಿಮೆಯಾದರೂ ಮುಳ್ಳು ಕುಪ್ಪಳಿಸಿ ಗೆರೆಯನ್ನು ಗಾಯಗೊಳಿಸುತ್ತದೆ. ಕೊನೆಗೆ ಯಂತ್ರವನ್ನು ಅಲುಗದ ಮೇಜಿನ ಮೇಲೆ, ರಸಮಟ್ಟವಿಟ್ಟು ಸಮತಲವಾಗಿ ಕೂರಿಸಿದೆನು.

ಖರ್ಚಿನ ಲೆಕ್ಕ ಹೀಗಿತ್ತು: ಯಂತ್ರಕ್ಕೆ 2,000, ಟ್ರಾನ್ಸ್‌ಫಾರ್ಮರಿಗೆ 700, ಪಟ್ಟಿಗೆ 450, ರಾಟೆಗೆ 350, ಮುಳ್ಳಿಗೆ 1,500, ಒಟ್ಟು 5,000 ರೂಪಾಯಿ. ಮುಳ್ಳನ್ನು ಮೊದಲೇ ಪರೀಕ್ಷಿಸಿದ್ದರೆ ಈ ಲೆಕ್ಕಕ್ಕೆ ಸೇರದ ನಷ್ಟವೊಂದು ತಪ್ಪುತ್ತಿತ್ತು.

ತಂದೆಯವರನ್ನು ಕರೆದು ಅದೇ ತಟ್ಟೆಯನ್ನು ಇಟ್ಟೆನು. ಮೊದಲನೆಯ ಕೀರ್ತನೆಯುದ್ದಕ್ಕೂ ಗರಗರ ಸದ್ದು ಹಾಗೆಯೇ ಇದ್ದಿತು. ಅದು ಯಂತ್ರದ ದೋಷವಲ್ಲ. ನನ್ನ ಆತುರ ಕೊರೆದ ಗಾಯ. ನಾನು ತಲೆ ತಗ್ಗಿಸಿ, "ಎರಡನೆಯದಕ್ಕೆ ಹೋಗೋಣವೇ?" ಎಂದೆನು. ತಂದೆಯವರು, "ಬೇಡ, ಇದನ್ನೂ ಕೇಳೋಣ. ಶ್ರುತಿ ಸರಿಯಾಗಿದೆ" ಎಂದರು. ಎರಡನೆಯ ಕೀರ್ತನೆ ಬಂದಾಗ ಪಿಟೀಲಿನ ನಾದ ತಿಳಿನೀರಿನಂತೆ ಹರಿಯಿತು. ಅವರ ಬೆರಳುಗಳು ಮೆಲ್ಲನೆ ತಾಳ ಹಾಕತೊಡಗಿದವು.

ಕೆಟ್ಟ ಯಂತ್ರವನ್ನು ಸರಿಪಡಿಸಬಹುದು. ಆದರೆ ಅದರ ಕೈಗೆ ಅಮೂಲ್ಯವಾದುದನ್ನು ಒಪ್ಪಿಸುವ ಮೊದಲು ಪರೀಕ್ಷಿಸಿ ನೋಡುವುದು ನಮ್ಮ ಹೊಣೆ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ:
1. ದೀರ್ಘವಾದನ ತಟ್ಟೆಯು ಮೂರು ನಿಮಿಷಕ್ಕೆ ಎಷ್ಟು ಬಾರಿ ಸುತ್ತುತ್ತದೆ?
2. ನಾದದ ಓಲಾಟಕ್ಕೆ ಕಾರಣವೇನು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ:
1. ಟ್ರಾನ್ಸ್‌ಫಾರ್ಮರ್ ಇದ್ದರೂ ಶ್ರುತಿ ಇಳಿದುದೇಕೆ?
2. 'ಹೆಚ್ಚಾದರೆ ಸವರಬಹುದು, ಕಡಿಮೆಯಾದರೆ ಸೇರಿಸಲಾಗದು' ಎಂಬ ಮಾತನ್ನು ಸಂದರ್ಭದೊಡನೆ ವಿವರಿಸಿರಿ.

ಇ) ನಿಮ್ಮ ಮನೆಯಲ್ಲಿ ಕೆಟ್ಟು ನಿಂತಿರುವ ವಸ್ತುವೊಂದನ್ನು ಆರಿಸಿಕೊಂಡು, ಅದರ ದೋಷಗಳನ್ನೂ ಇರಬಹುದಾದ ಕಾರಣಗಳನ್ನೂ ಪಟ್ಟಿಮಾಡಿರಿ. ವಿದ್ಯುತ್ ಉಪಕರಣವಾದರೆ ಹಿರಿಯರ ನೆರವಿಲ್ಲದೆ ಬಿಚ್ಚಬೇಡಿರಿ.